ದೋಣಿಯ ಹೆಸರು ಬದಲಿಸಿದರೆ ದೋಷವೇ?

ಪ್ರಶ್ನೆ: ನಮ್ಮೂರು ಹನಗೋಡು. ನನ್ನ ತಮ್ಮ ಬಹಳ ವರ್ಷದಿಂದ ಮಲ್ಪೆ ಬಂದರಿನಲ್ಲಿ ಬೋಟಿನ ಕೆಲಸಕ್ಕಿದ್ದಾನೆ. ಈಗ ಇಬ್ಬರು ಗೆಳೆಯರ ಜೊತೆ ಸೇರಿ ಒಂದು ಹಳೇ ಮೀನುಗಾರಿಕೆ ಬೋಟು ಕೊಂಡಿದ್ದಾನೆ. ಅದಕ್ಕೆ ಹಳೇ ಮಾಲೀಕರ ತೀರಿಹೋದ ಮಗಳ ಹೆಸರಿದೆ. ತಮ್ಮನಿಗೆ ನಮ್ಮ ಮನೆದೇವರ ಹೆಸರಿಡುವ ಆಸೆ. ಹೆಸರು ಬದಲಿಸಿದರೆ ಗಂಗಮ್ಮ ಮುನೀತಾಳೆ ಅಂತ ಯಾರೋ ಹೇಳಿದ್ದಾರೆ. ನಮ್ಮವ್ವ ಊಟ ಬಿಟ್ಟು ಕೂತಿದ್ದಾಳೆ. ಏನು ಮಾಡಬೇಕು?
– ಓದುಗರೊಬ್ಬರು, ಹನಗೋಡು

ಉತ್ತರ: ಮೊದಲು ನಿಮ್ಮ ತಾಯಿಯವರಿಗೆ ಊಟ ಮಾಡೋಕೆ ಹೇಳಿ. ದೋಣಿಯ ಹೆಸರು ಬದಲಿಸುವುದರಲ್ಲಿ ದೋಷವಿಲ್ಲ. ಕದ್ದುಮುಚ್ಚಿ ಬದಲಿಸಿದರೆ ದೋಷವುಂಟು.

ನಾಮಕರಣ ಎಂಬ ಸಂಸ್ಕಾರವನ್ನು ಹಿರಿಯರು ಹೇಳಿರುವುದು ಮನುಷ್ಯರಿಗೆ. ದೋಣಿಗೆ, ಗಾಡಿಗೆ ಇಡುವ ಹೆಸರು ನಮ್ಮ ಪ್ರೀತಿಯ ಗುರುತು. ಮನುಷ್ಯರಿಗೇ ಹೆಸರು ಬದಲಾಗುವುದುಂಟಲ್ಲ? ಸನ್ಯಾಸ ತಗೊಂಡವರಿಗೆ ಹೊಸ ಹೆಸರು ಬರುತ್ತದೆ. ಎಷ್ಟೋ ಮನೆಗಳಲ್ಲಿ ಸೊಸೆಗೆ ಮದುವೆಯಲ್ಲಿ ಅಕ್ಕಿಯ ಮೇಲೆ ಹೊಸ ಹೆಸರು ಬರೆಸುತ್ತಾರೆ. ಎಲ್ಲರೆದುರು ನಡೆಯುವುದರಿಂದ ಅದಕ್ಕೆ ಯಾರೂ ಅಂಜುವುದಿಲ್ಲ. ಪಾಶ್ಚಾತ್ಯ ನಾವಿಕರಲ್ಲೂ ಈ ಭಯ ಹಿಂದಿನಿಂದ ಇದೆ. ಅವರೂ ಹಳೇ ಹೆಸರಿಗೆ ವಿದಾಯ ಹೇಳಿ, ಸಮುದ್ರದೇವತೆಯ ಅಪ್ಪಣೆ ಬೇಡಿ, ಆಮೇಲೆ ಹೊಸ ಹೆಸರಿಡುತ್ತಾರೆ.

ಆದರೆ ತಾಯಿ, ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆ ಮಗಳ ಹೆಸರು. ದುಡ್ಡು ಕೊಟ್ಟು ದೋಣಿ ಕೊಂಡಿರಿ, ಸರಿ. ಆ ಹೆತ್ತವರ ನೆನಪನ್ನು ಕೊಂಡಿಲ್ಲ. ಅವರು ಬಂದರಿಗೆ ಬಂದಾಗ, ಮಗಳ ಹೆಸರನ್ನು ಯಾರೋ ಕೆರೆದು ಹಾಕಿದ್ದು ಕಂಡರೆ ಆ ಹೊಟ್ಟೆಯ ಸಂಕಟ ಯಾವ ಶಾಂತಿಯಿಂದಲೂ ಹೋಗದು. ನಿಮ್ಮ ತಮ್ಮ ಫಲತಾಂಬೂಲ ಹಿಡಿದು ಅವರ ಮನೆಗೆ ಹೋಗಲಿ. "ಹೀಗೆ ಮಾಡಬೇಕೂಂತಿದ್ದೀವಿ, ತಾವು ಒಪ್ಪಿ ಹರಸಬೇಕು" ಎಂದು ಕೇಳಲಿ. ಹೆಸರಿನ ಹಲಗೆಯಿದ್ದರೆ ಅದನ್ನು ಅವರಿಗೇ ಒಪ್ಪಿಸಲಿ. ಅವರು ಬೇಡ ಅಂದರೆ? ಮಗುವಿನ ಹೆಸರನ್ನು ಉಳಿಸಿಕೊಂಡು ಮನೆದೇವರ ಪಟವನ್ನು ಒಳಗಿಡಿ. ದೇವರಿಗೆ ಅಷ್ಟು ಸಾಕು.

ಒಪ್ಪಿದ ಮೇಲೆ ಕಾಗದದ ಕೆಲಸ. ಇದನ್ನು ಪೂಜೆಗಿಂತ ಮುಂಚೆ ಮುಗಿಸಿ. ಮೀನುಗಾರಿಕೆ ಇಲಾಖೆಯಲ್ಲಿ ಮೊದಲು ಬೋಟು ಹೊಸ ಮಾಲೀಕರ ಹೆಸರಿಗೆ ವರ್ಗವಾಗಬೇಕು. ಹಳೇ ಸಾಲವಿದ್ದರೆ ಬ್ಯಾಂಕಿನವರ ಒಪ್ಪಿಗೆ ಬೇಕು. ಆಮೇಲೆ ಬೋಟಿನ ಹೆಸರು ಬದಲಿಸಲು ಅರ್ಜಿ. ನೋಂದಣಿ ಪತ್ರದಲ್ಲಿ ತಿದ್ದುಪಡಿಯಾಗುವವರೆಗೆ ಬಣ್ಣದ ಡಬ್ಬ ತೆಗೀಬೇಡಿ. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಪ್ರಕಾರ ಪಡೆದ ಲೈಸೆನ್ಸ್, ವಿಮೆ, ಡೀಸೆಲ್ ಪಾಸ್‌ಬುಕ್ ಎಲ್ಲದರಲ್ಲೂ ಅದೇ ಹೆಸರು ಬರಬೇಕು. ಹಲಗೆಯ ಮೇಲೊಂದು, ಕಾಗದದಲ್ಲೊಂದು ಹೆಸರಿದ್ದರೆ ವಿಮೆಯವರು ತಕರಾರು ತೆಗೆಯುತ್ತಾರೆ.

ಇದು ಬರೀ ಕಚೇರಿಯ ಮಾತಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಜನರೊಂದಿಗೆ ಕಾಣೆಯಾಯಿತು. ಆ ಹೆಸರು ಹಿಡಿದೇ ಮಹಾರಾಷ್ಟ್ರದ ಕಡಲವರೆಗೂ ಹುಡುಕಿದರು. 2019ರ ಮೇ ತಿಂಗಳಲ್ಲಿ ಮಾಲ್ವಣದ ಬಳಿ ಸಮುದ್ರದ ತಳದಲ್ಲಿ ನೌಕಾಪಡೆಗೆ ಅವಶೇಷ ಸಿಕ್ಕಿತು. ನಮ್ಮ ಲಕ್ಷ್ಮಣತೀರ್ಥದ ಹರಿಗೋಲಿಗೆ ಹೆಸರಿಲ್ಲದಿದ್ದರೂ ನಡೆಯುತ್ತೆ, ದಡದಲ್ಲಿ ಕೂಗಿದರೆ ಕೇಳಿಸುತ್ತೆ. ಕಡಲಲ್ಲಿ ಹಾಗಲ್ಲ. ಆಪತ್ತಿನಲ್ಲಿ ಕೂಗಿ ಕರೆಯಬೇಕಾದ ಹೆಸರು ಒಂದೇ ಇರಬೇಕು.

ಇನ್ನು ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ರಿಪೇರಿ, ಬಣ್ಣ ಎಲ್ಲ ಆಗಲೇ ಆಗುವುದರಿಂದ ಹೆಸರಿನ ಕೆಲಸಕ್ಕೂ ಅದೇ ಅನುಕೂಲ. ಮುಂದೆ ಶ್ರಾವಣದ ನೂಲ ಹುಣ್ಣಿಮೆಗೆ ಕರಾವಳಿಯವರು ಸಮುದ್ರಪೂಜೆ ಮಾಡಿ ಹಾಲು, ತೆಂಗಿನಕಾಯಿ ಅರ್ಪಿಸುತ್ತಾರೆ. ಅದರಲ್ಲಿ ನಿಮ್ಮ ತಮ್ಮನೂ ಸೇರಲಿ. ಬೇರೆ ದಿನ ಬೇಕೆಂದರೆ ಶತಭಿಷ ನಕ್ಷತ್ರ ನೋಡಿ, ಅದರ ದೇವತೆ ವರುಣ. ಮೂವರು ಪಾಲುದಾರರಿಗೂ ತಾರಾಬಲ ಕೂಡಿದರೆ ಒಳ್ಳೆಯದು. ರಾಹುಕಾಲ ಬಿಡಿ.

ಪೂಜಾಕ್ರಮ ಸರಳ. ಹಳೇ ಹೆಸರಿರುವಾಗಲೇ ದೋಣಿಗೆ ಅರಿಶಿನ ಕುಂಕುಮ ಹಚ್ಚಿ, ಹೂವೇರಿಸಿ, ಆ ಹೆಸರು ಹೇಳಿ ಕಾಯಿ ಒಡೆಯಿರಿ. ಸಾಧ್ಯವಾದರೆ ಹಳೇ ಮಾಲೀಕರ ಕೈಯಲ್ಲೇ ಒಡೆಸಿ. ಗೌರಿಯನ್ನು ಕಳಿಸುವಾಗ ಮಡಿಲು ತುಂಬಿ ಕಳಿಸುತ್ತೀವಲ್ಲ, ಹಾಗೆ. ಆಮೇಲೆ ಹೊಸ ಹೆಸರು ಬರೆಸಿ. ಪೂಜೆಯ ದಿನ ಗಣಪತಿ ಪೂಜೆ, ಪುಣ್ಯಾಹ, ಕಲಶದಲ್ಲಿ ವರುಣ ಮತ್ತು ಗಂಗೆಯರ ಪೂಜೆ. ಕಲಶದ ನೀರು ಪ್ರೋಕ್ಷಿಸಿ, ಹೊಸ ಹೆಸರನ್ನು ಮೂರು ಸಲ ಗಟ್ಟಿಯಾಗಿ ಹೇಳಿ ಮಂಗಳಾರತಿ ಮಾಡಿ. ಬೋಟಿನಲ್ಲಿ ದುಡಿಯುವವರಿಗೆಲ್ಲ ಹೊಟ್ಟೆ ತುಂಬ ಊಟ ಹಾಕಿ. ಮಲ್ಪೆಯಲ್ಲಿ ಅಲ್ಲಿಯವರ ಪದ್ಧತಿ ಬೇರೆಯಿದ್ದರೆ ಅದನ್ನೇ ನಡೆಸಿ, ಆ ನೀರಿನ ರೀತಿ ಅವರಿಗೆ ಗೊತ್ತು. ಸಾವಿರಾರು ರೂಪಾಯಿಯ ದೋಷಪರಿಹಾರ ಹೋಮ ಬೇಕೆಂದು ಯಾರಾದರೂ ಹೇಳಿದರೆ ಕೊಡಬೇಡಿ. ಆ ದುಡ್ಡಿನಲ್ಲಿ ಬೋಟಿನಲ್ಲಿರುವ ಪ್ರತಿಯೊಬ್ಬರಿಗೂ ಒಂದೊಂದು ಲೈಫ್ ಜಾಕೆಟ್ ತರಲಿ.

ನಿಮ್ಮ ತಾಯಿಯವರಿಗೆ ಮನಸ್ಸು ನಿಲ್ಲದಿದ್ದರೆ, ಬೋಟು ಹೊಸ ಹೆಸರಲ್ಲಿ ಮೊದಲ ಸಲ ಹೊರಡುವ ದಿನ ಹನಗೋಡಿನ ಹೊಳೆಯಲ್ಲಿ ಗಂಗೆಗೆ ಬಾಗಿನ ಕೊಟ್ಟು, ಮನೆದೇವರಿಗೆ ತುಪ್ಪದ ದೀಪ ಹಚ್ಚಲಿ. ಶುಭಮಸ್ತು.