ಮತಭೇದವೂ ಗುರುಋಣವೂ

ತನ್ನ ಮತವನ್ನು ಸಾರಲೆಂದೇ ಬಂದವನು, ಆ ಮತವನ್ನು ಸ್ವೀಕರಿಸದವರಿಗೂ ಗುರುವಾಗಬಲ್ಲನೆ? ಹೆರ್ಮನ್ ಮೋಗ್ಲಿಂಗರನ್ನು ಸ್ಮರಿಸುವಾಗ ಈ ಪ್ರಶ್ನೆಯು ಏಳದೆ ಇರದು.

1811ರಲ್ಲಿ ಜರ್ಮನ್ ದೇಶದಲ್ಲಿ ಜನಿಸಿದ ಈ ಪಾದ್ರಿಯವರು 1836ರಲ್ಲಿ ಬಾಸೆಲ್ ಮಿಶನ್ನಿನಿಂದ ಮಂಗಳೂರಿಗೆ ಬಂದರು. ಕ್ರಿಸ್ತನ ಸುವಾರ್ತೆಯನ್ನು ತಿಳಿಸುವುದೇ ಅವರ ಜೀವಿತೋದ್ದೇಶವು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದವರು ಅವರೇ. 1844ರಲ್ಲಿ ಸಾರಸ್ವತ ಯುವಕರಾದ ಆನಂದರಾವ್ ಕೌಂಡಿನ್ಯರು ಕ್ರೈಸ್ತದೀಕ್ಷೆಯನ್ನು ಪಡೆದುದೂ ಅವರ ಪ್ರಭಾವದಿಂದಲೇ. ಜೈಮಿನಿಭಾರತ, ಬಸವಪುರಾಣಗಳನ್ನೂ 1850ರಲ್ಲಿ ದಾಸರ ಪದಗಳನ್ನೂ ಅಚ್ಚಿಗೆ ತಂದವರೂ ಅವರೇ.

ಇಲ್ಲಿ ಪೂರ್ವಪಕ್ಷಗಳೆರಡು. ಖಂಡಿಸಲೆಂದೇ ನಮ್ಮ ಗ್ರಂಥಗಳನ್ನು ಓದಿದರು, ಆದುದರಿಂದ ಋಣವಿಲ್ಲವೆಂಬುದು ಒಂದು. ಮತಪ್ರಚಾರವನ್ನು ಮರೆತು ಕನ್ನಡದ ಸೇವೆಯನ್ನು ಮಾತ್ರ ನೆನೆಯೋಣವೆಂಬುದು ಇನ್ನೊಂದು. ಎರಡನೆಯದು ಉದಾರವಾಗಿ ತೋರಿದರೂ, ಬೇರನ್ನು ಕಡಿದು ಫಲವನ್ನು ಹೊಗಳಿದಂತೆ.

ಹೇಳಬೇಕೆಂಬವನು ಮೊದಲು ಕೇಳಬೇಕು. ಸಂತೆಯಲ್ಲಿ ನಿಂತು ಬೋಧಿಸುವುದಕ್ಕೆ ಆಡುಮಾತು ಸಾಕು, ಷಟ್ಪದಿಯು ಬೇಕಿಲ್ಲ. ಆವಶ್ಯಕತೆಯನ್ನು ಮೀರಿ ಕೇಳಿದ ಆ ಭಾಗವೇ ನಮಗೆ ವಿದ್ಯಾದಾನವಾಯಿತು. ಅವರನ್ನು ಕೇಳುವುದಕ್ಕೆ ಕರೆತಂದುದಾದರೋ ಅವರ ಶ್ರದ್ಧೆಯೇ.

ಹಾಗೆಂದು, ಮಗನು ಪರಮತವನ್ನು ಸೇರಿದ ಮನೆಯ ದುಃಖವು ಸುಳ್ಳಲ್ಲ. ಋಣವನ್ನು ಒಪ್ಪುವುದೆಂದರೆ ವಾದವನ್ನು ಬಿಟ್ಟುಕೊಡುವುದಲ್ಲ. ಅವರು ನಂಬಿದುದನ್ನು ನಾವು ನಂಬಬೇಕಾಗಿಲ್ಲ. ಅವರು ನಂಬಿದ್ದರೆಂಬುದನ್ನು ಮಾತ್ರ ಮರೆಮಾಡದೆ ಹೇಳಬೇಕು. ಮತಾಂತರವಿಲ್ಲದ ಶಿಷ್ಯನು ಕೊಡಬಹುದಾದ ದಕ್ಷಿಣೆಯು ಇಷ್ಟೆ.