ತಂಟೆಕೋರ ತುಂಡು

ಮನೆ ಬದಲಾಯಿಸುವಾಗ ಹಮಾಲರು ಲಾರಿ ತುಂಬುವುದನ್ನು ನೋಡಿ. ಬೀರು, ಮಂಚ, ಒರಳುಕಲ್ಲು ಮೊದಲು ಒಳಗೆ ಹೋಗುತ್ತವೆ. ದಿಂಬು, ಚಾಪೆ, ಬಟ್ಟೆಗಂಟು ಕೊನೆಗೆ, ಉಳಿದ ಸಂದಿಗಳಿಗೆ. ಯಾಕೆ ಹೀಗೆ ಎಂದು ಕೇಳಿದರೆ ಅವರು ನಗುತ್ತಾರೆ, ಅದೇನು ಕೇಳುವ ಮಾತೇ ಎಂಬಂತೆ. ಇದೇ ತಿಳಿವಳಿಕೆಯನ್ನು ಲೆಕ್ಕಕ್ಕಿಳಿಸಿ ಕೇಂಬ್ರಿಜ್‌ನ ಇಬ್ಬರು ಗಣಿತಜ್ಞರು 2000ದಲ್ಲಿ ಹತ್ತು ಲಕ್ಷ ಪೌಂಡ್ ಗೆದ್ದರು.

ಅವರು ಬಿಡಿಸಿದ್ದು ‘ಎಟರ್ನಿಟಿ’ ಎಂಬ ಒಗಟನ್ನು. ಕ್ರಿಸ್ಟೋಫರ್ ಮಾಂಕ್ಟನ್ 1999ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ತಂದ ಆಟ ಅದು. ಹನ್ನೆರಡು ಬದಿಯ ಹಲಗೆ, 209 ತುಂಡು, ಎಲ್ಲವೂ ಒಂದೇ ಬಣ್ಣ. ತುಂಡುಗಳೆಲ್ಲ ಸೇರಿ ಹಲಗೆಯನ್ನು ಸಂದಿಲ್ಲದೆ ತುಂಬಬೇಕು. ಮೂಲೆಗಳು 30, 60, 90 ಡಿಗ್ರಿ ಇರುವ ಪುಟ್ಟ ತ್ರಿಕೋನಗಳು ಹನ್ನೆರಡು ಕೂಡಿದರೆ ಒಂದು ತುಂಡು. ಎಂದರೆ ಪ್ರತಿ ತುಂಡಿನ ವಿಸ್ತೀರ್ಣವೂ ಒಂದೇ. ಆದರೂ ಕೆಲವು ಎಲ್ಲಿಟ್ಟರೂ ಕೂರುತ್ತವೆ, ಕೆಲವು ಎಲ್ಲಿಟ್ಟರೂ ಕೊಸರುತ್ತವೆ. ಈ ಕೊಸರಾಟ ಇರುವುದೆಲ್ಲಿ? ತುಂಡಿನೊಳಗೋ, ಹೊರಗೋ?

ಅಳತೆಪಟ್ಟಿ, ಕೋನಮಾಪಕಗಳಿಂದ ಇದಕ್ಕೆ ಉತ್ತರ ಸಿಗದು. ಬದಿಗಳೆಷ್ಟು, ಮೂಲೆ ಎಷ್ಟು ಚೂಪು ಎಂಬುದನ್ನಷ್ಟೇ ಅವು ಹೇಳುತ್ತವೆ. ಆ ಇಬ್ಬರು ಗಣಿತಜ್ಞರು, ಅಲೆಕ್ಸ್ ಸೆಲ್ಬಿ ಮತ್ತು ಆಲಿವರ್ ರಿಯೋರ್ಡನ್, ಬೇರೆ ದಾರಿ ಹಿಡಿದರು. ಸಣ್ಣ ಜಾಗಗಳನ್ನು ಕಂಪ್ಯೂಟರಿನಿಂದ ಅಪಾರ ಬಗೆಗಳಲ್ಲಿ ತುಂಬಿಸಿ, ಯಾವ ತುಂಡು ಎಷ್ಟು ಸಲ ಕೆಲಸಕ್ಕೆ ಬರುತ್ತದೆಂದು ಎಣಿಸಿದರು. ಹೀಗೆ ಪ್ರತಿ ತುಂಡಿಗೂ ಹೊಂದಿಕೆಯ ಒಂದು ಅಂಕ ಸಿಕ್ಕಿತು. ಅಂಚನ್ನು ಅಳೆದು ಬಂದ ಅಂಕವಲ್ಲ ಅದು, ಸಹವಾಸವನ್ನು ಅಳೆದು ಬಂದದ್ದು.

ಸಹವಾಸವೂ ಒಂದು ಗುಣವೆಂಬುದು ಹಳೆಯ ಯೋಚನೆ. ಪ್ರಾಚೀನ ಭಾರತದ ವೈಶೇಷಿಕ ದಾರ್ಶನಿಕರು 24 ಗುಣಗಳ ಪಟ್ಟಿ ಮಾಡಿದಾಗ ಬಣ್ಣ, ರುಚಿ, ವಾಸನೆಗಳ ಸಾಲಿನಲ್ಲೇ ಸಂಯೋಗವನ್ನೂ ಸೇರಿಸಿದ್ದರು. ಒಂದೇ ದ್ರವ್ಯದಲ್ಲಿ ನೆಲೆ ನಿಲ್ಲದೆ ಎರಡನ್ನು ಆಶ್ರಯಿಸುವ ಗುಣ ಅದು. ಹೊಂದಿಕೆಯ ಅಂಕ ಇನ್ನೂ ಒಂದು ಹೆಜ್ಜೆ ಮುಂದಿದೆ: ಆಗಿರುವ ಸಂಯೋಗವನ್ನಲ್ಲ, ಆಗಬಹುದಾದ ಸಂಯೋಗಗಳನ್ನು ಅದು ಲೆಕ್ಕ ಹಾಕುತ್ತದೆ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಸಕ್ಕರೆಯ ಕರಗುವ ಗುಣ ನೀರು ಕಾಣುವ ಮೊದಲೇ ಸಕ್ಕರೆಯಲ್ಲಿ ಇರುವಂತೆ, ಹೊಂದಿಕೆಯೂ ಆಕಾರದಲ್ಲೇ ಅಡಗಿತ್ತು, ಕಂಪ್ಯೂಟರ್ ಅದನ್ನು ಹೊರಗೆಳೆಯಿತು, ಅಷ್ಟೇ ಅಲ್ಲವೇ? ಅರ್ಧ ನಿಜ. ಆಕಾರವಿಲ್ಲದೆ ಅಂಕವಿಲ್ಲ. ಆದರೆ ಉಳಿದ 208 ತುಂಡುಗಳನ್ನು ತೆಗೆದು ಬೇರೆ 208ನ್ನು ತಂದಿಡಿ. ನಮ್ಮ ತುಂಡಿನ ಒಂದು ಅಂಚೂ ಕದಲಿಲ್ಲ, ಅಂಕ ಮಾತ್ರ ಬದಲಾಯಿತು. ಆದ್ದರಿಂದ ಆಕಾರ ತುಂಡಿನ ಸೊತ್ತು. ತಂಟೆ ಇಡೀ ಪೆಟ್ಟಿಗೆಯದು.

ಅಂಕಗಳನ್ನು ಸೆಲ್ಬಿ, ರಿಯೋರ್ಡನ್ ಬಳಸಿಕೊಂಡ ಬಗೆಯನ್ನು ಹಮಾಲರು ಮೆಚ್ಚುತ್ತಿದ್ದರು. ಕಡಿಮೆ ಅಂಕದ ತುಂಡುಗಳನ್ನು ಹಲಗೆ ಖಾಲಿಯಿರುವಾಗಲೇ ಕೂರಿಸಿ, ಎಲ್ಲಿಗೂ ಒಗ್ಗುವವನ್ನು ಕೊನೆಯ ಇಕ್ಕಟ್ಟಿಗೆ ಉಳಿಸಿಕೊಳ್ಳುವುದು. ಇನ್ನೊಂದು ಅಚ್ಚರಿಯೂ ಕಾದಿತ್ತು. ತುಂಡುಗಳು ಹೆಚ್ಚಿದಷ್ಟೂ ಒಗಟು ಕಠಿಣ ಎಂದು ಯಾರಿಗಾದರೂ ಅನಿಸುತ್ತದೆ. ಇವರ ಲೆಕ್ಕದಲ್ಲಿ ಈ ಬಗೆಯ ಒಗಟು ಅತಿ ಕಷ್ಟವಾಗುವುದು ಸುಮಾರು 70 ತುಂಡುಗಳಲ್ಲಿ. ಅದರಾಚೆ ಪರಿಹಾರಗಳೇ ಅಗಾಧವಾಗಿ ಬೆಳೆದು ದಾರಿ ಸಲೀಸಾಗುತ್ತದೆ. 209 ತುಂಡಿಗೆ ಅವರು ಅಂದಾಜು ಮಾಡಿದ ಪರಿಹಾರಗಳ ಸಂಖ್ಯೆ 1ರ ಮುಂದೆ 95 ಸೊನ್ನೆ. ಕೊನೆಗೆ ಅವರಿಗೆ ದಕ್ಕಿದ್ದು ಮಾಂಕ್ಟನ್ ಬಚ್ಚಿಟ್ಟಿದ್ದ ಜೋಡಣೆಯಲ್ಲ, ಬೇರೆಯದೇ. ಒಗಟು ಕಟ್ಟಿದವನಿಗೆ ಗೊತ್ತಿದ್ದದ್ದು ತನ್ನ ಒಂದು ಉತ್ತರ ಮಾತ್ರ.

2007ರಲ್ಲಿ ‘ಎಟರ್ನಿಟಿ 2’ ಬಂತು: 256 ತುಂಡು, 20 ಲಕ್ಷ ಡಾಲರ್ ಬಹುಮಾನ. ಈ ಸಲ ತುಂಡುಗಳೆಲ್ಲ ಒಂದೇ ಅಳತೆಯ ಚೌಕಗಳು. ಅಕ್ಕಪಕ್ಕದ ಅಂಚಿನ ಚಿತ್ತಾರ ಕೂಡಬೇಕು, ಅಷ್ಟೇ. ನೋಡಲು ಎಷ್ಟು ಸರಳ! 2010ರ ಕೊನೆಯ ದಿನ ಗಡುವು ಮುಗಿಯಿತು, ಹಣ ಯಾರ ಕೈಗೂ ಸೇರಲಿಲ್ಲ. ಇದಕ್ಕೆ ಕಾರಣ ಹಲವು. ನನಗೆ ಮುಖ್ಯವಾಗಿ ಕಾಣುವುದು ಒಂದು: ಮೊದಲ ಒಗಟಿನಲ್ಲಿ ಸೊಟ್ಟಮೂತಿಯ ತುಂಡುಗಳೇ ಹಿಡಿತ ಕೊಟ್ಟಿದ್ದವು. ಯಾವುದು ಒರಳು, ಯಾವುದು ದಿಂಬು ಎಂದು ಬೇರ್ಪಡಿಸಲು ಆಕಾರದ ವ್ಯತ್ಯಾಸ ಬೇಕಿತ್ತು. ಎಲ್ಲವನ್ನೂ ಚೌಕ ಮಾಡಿದಾಗ ಆ ಹಿಡಿತ ಜಾರಿತು. ಏಕರೂಪತೆ ಕೆಲಸವನ್ನು ಹಗುರ ಮಾಡುತ್ತದೆಂಬ ನಮ್ಮ ನಂಬಿಕೆಗೆ ಇದು ಸಣ್ಣ ಪೆಟ್ಟಲ್ಲ.

ಮನುಷ್ಯರು ಹಲಗೆಯ ತುಂಡುಗಳಲ್ಲ, ನಿಜ. ಅವರು ಬೆಳೆಯುತ್ತಾರೆ, ಮುನಿಯುತ್ತಾರೆ, ಎದ್ದು ಹೋಗುತ್ತಾರೆ. ಆದರೆ ಅಂಕ ಕೊಡುವ ಚಟ ನಮ್ಮದು. ತರಗತಿಯಲ್ಲಿ, ಕಚೇರಿಯಲ್ಲಿ, ಮದುವೆಯಾಗಿ ಬಂದ ಮನೆಯಲ್ಲಿ ‘ಇವರು ಅಡ್ಜಸ್ಟ್ ಆಗೋಲ್ಲ’ ಎಂದು ಒಬ್ಬರ ಹಣೆಗೆ ಚೀಟಿ ಅಂಟಿಸುವಾಗ, ಸಂಬಂಧದ ಗುಣವೊಂದನ್ನು ಒಂಟಿ ಜೀವದ ದೋಷವೆಂದು ಬರೆದಿಡುತ್ತೇವೆ. ಅಂಕ ಸುಳ್ಳಲ್ಲ, ಅದರ ವಿಳಾಸ ತಪ್ಪು. ಜಾಗವೆಲ್ಲ ದಿಂಬು, ಚಾಪೆಗಳಿಗೆ ಹಂಚಿದ ಮೇಲೆ ಒರಳನ್ನು ಕರೆತಂದು, ಇದೇಕೆ ಹಿಡಿಯುತ್ತಿಲ್ಲ ಎಂದು ಬೈಯುವ ಹಮಾಲನನ್ನು ನಾನು ಈವರೆಗೆ ಕಂಡಿಲ್ಲ.