ಬೇಲಿಯ ದುಡ್ಡು, ಪಕ್ಕದ ಹೊಲ

ರೈತನಿಗೆ ಬೇಲಿ ಹಾಕಿಕೊಳ್ಳೋಕೆ ಸರ್ಕಾರ ದುಡ್ಡು ಕೊಡೋದು ಧರ್ಮವೇ? ನಮ್ಮ ವಾಚನಾಲಯದಲ್ಲಿ ಒಬ್ಬ ಮೇಷ್ಟ್ರು ಈ ಪ್ರಶ್ನೆ ಎತ್ತಿದರು. ಧರ್ಮ ಅಲ್ಲದೆ ಮತ್ತೇನು ಅಂತ ಅಲ್ಲಿದ್ದ ನಾಲ್ಕು ಜನ ಒಟ್ಟಿಗೆ ಅಂದರು. ನನಗೆ ಅಷ್ಟು ಸುಲಭ ಅನ್ನಿಸಲಿಲ್ಲ, ಅದಕ್ಕೇ ಬರೀತಿದ್ದೀನಿ.

ನಾನು ಹೇಳ್ತಿರೋದು ಬಿಸಿಲಿನಿಂದ ನಡೆಯೋ ಕರೆಂಟು ಬೇಲಿ. ನಮ್ಮ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕೃಷಿ ಎಂಜಿನಿಯರಿಂಗ್ ಇಲಾಖೆಯಿಂದ ಇದಕ್ಕೆ ಮಾನಿಯ, ಅಂದರೆ ಸಬ್ಸಿಡಿ ಉಂಟು. ಕೆಲವು ವರ್ಷದ ಹಿಂದೆ ಯೋಜನೆ ಬಂದಾಗ ನೂರಕ್ಕೆ 40 ರೂಪಾಯಿ ಸರ್ಕಾರದ್ದು, 60 ನಮ್ಮದು. ಐದು ಸಾಲು, ಏಳು ಸಾಲು, ಹತ್ತು ಸಾಲು ತಂತಿ, ನಮಗೆ ಬೇಕಾದ್ದು. ಬ್ಯಾಟರಿಯಿಂದ ಬಿಟ್ಟು ಬಿಟ್ಟು ಬರೋ ಕರೆಂಟು ಅದು, ಮುಟ್ಟಿದರೆ ಚುರುಕ್ ಅಂತ ಹೊಡೆಯುತ್ತೆ, ಜೀವ ತೆಗೆಯಲ್ಲ. ಕಂಬದ ಲೈನನ್ನೇ ತಂತಿಗೆ ಕೊಟ್ಟು ರಾತ್ರಿ ನಿದ್ದೆ ಮಾಡೋರೂ ಇದ್ದಾರೆ. ಅದರಲ್ಲಿ ಆನೆಯೂ ಸತ್ತಿದೆ, ನೀರು ಕಟ್ಟೋಕೆ ಹೋದ ಮನುಷ್ಯರೂ ಸತ್ತಿದ್ದಾರೆ. ಕರೆಂಟು ಬೇಲಿ ನೋಂದಾಯಿಸಬೇಕು ಅಂತ 2023ರಲ್ಲಿ ತಮಿಳುನಾಡು ಸರ್ಕಾರ ನಿಯಮ ತಂದದ್ದು ಒಳ್ಳೇದೇ ಆಯಿತು.

ಸರಿ, ಬೇಲಿ ಬಂತು. ಅದನ್ನು ಕಂಡ ಜಿಂಕೆ ಕಾಡಿಗೆ ವಾಪಸ್ ಹೋಗಿ ಉಪವಾಸ ಮಲಗುತ್ತಾ? ಬೇಲಿ ಪಕ್ಕದಲ್ಲೇ ನಡೆದು, ಅದು ಮುಗಿದ ಕಡೆ ಒಳಗೆ ನುಗ್ಗುತ್ತೆ. ಆರು ಎಕರೆಯವರ ಮೆಕ್ಕೆಜೋಳ ಉಳೀತು, ಪಕ್ಕದ ಒಂದೂವರೆ ಎಕರೆ ಅಕ್ಕನ ಹುರುಳಿ ಹೋಯಿತು. ಆ ಅಕ್ಕನ ಹತ್ತಿರ 60 ರೂಪಾಯಿ ಇಲ್ಲ, ಅದಿಲ್ಲದ್ದಕ್ಕೆ ಸರ್ಕಾರದ 40 ರೂಪಾಯಿಯೂ ಬರಲಿಲ್ಲ. ಆದರೆ ಆ 40ರಲ್ಲಿ ಆಕೆ ಸೋಪು, ಬೆಂಕಿಪೊಟ್ಟಣ ಕೊಂಡಾಗ ಕಟ್ಟಿದ ತೆರಿಗೆಯೂ ಸೇರಿದೆ. ತನ್ನ ಹೊಲಕ್ಕೆ ಜಿಂಕೆ ಅಟ್ಟೋಕೆ ತಾನೇ ಕಾಸು ಕೊಟ್ಟ ಹಾಗಾಯಿತಲ್ಲ, ಇದಕ್ಕೆ ಏನು ಹೆಸರಿಡೋಣ? ಬೇಲಿ ಹಾಕಿದವರದು ತಪ್ಪು ಅಂತ ನಾನು ಹೇಳೋದಿಲ್ಲ. ಅವರೂ ಸಾಲ ಮಾಡೇ ಹಾಕಿದ್ದು.

ಹೊಲಗಳಿಗೆಲ್ಲ ಬೇಲಿ ಬಿದ್ದರೆ ಜಿಂಕೆಗೆ ಉಳಿಯೋದು ಹಳ್ಳದ ದಡದ ಕುರುಚಲು, ಸಣ್ಣ ಸಣ್ಣ ತೋಪು. ಅವಿನಾಶಿ ಕಡೆ ಕೌಶಿಕಾ ನದಿ ಪಕ್ಕ ಪುದುಪಾಳಯದಲ್ಲಿ ಚುಕ್ಕೆ ಜಿಂಕೆ ಗುಂಪು ಇದೆಯಲ್ಲ, ಅಲ್ಲಿ ಹುಲಿ ಇಲ್ಲ, ಸೀಳುನಾಯಿ ಇಲ್ಲ. ಊರನಾಯಿ ಮತ್ತು ರೋಡಿನ ಗಾಡಿಗಳೇ ಅವಕ್ಕೆ ಹುಲಿ. ಇಂಥ ಕಡೆ ಜಿಂಕೆ ಹೆಚ್ಚಾದರೆ ಎಳೇ ಸಸಿ ಒಂದೂ ಮೇಲೆ ಏಳಲ್ಲ. ದೊಡ್ಡ ಮರ ನಿಂತಿರುತ್ತೆ, ಕೆಳಗೆ ಮರಿ ಇರಲ್ಲ. ನೋಡೋರಿಗೆ ಕಾಡೇ, ಆದರೆ ಮೊಮ್ಮಕ್ಕಳಿಲ್ಲದ ಮನೆ. ಅಂಡಮಾನಿಗೆ ಬ್ರಿಟಿಷರು ಬೇಟೆಗೆ ಅಂತ ಚುಕ್ಕೆ ಜಿಂಕೆ ಒಯ್ದು ಬಿಟ್ಟರು. ತಿನ್ನೋ ಪ್ರಾಣಿ ಇಲ್ಲದ ಆ ದ್ವೀಪಗಳಲ್ಲಿ ಇವತ್ತಿಗೂ ಸಸಿ ಮೇಲೇಳೋದು ಕಷ್ಟವಾಗಿದೆ.

ಇಂಗ್ಲೆಂಡಿನಲ್ಲಿ ತೋಳ ಅಳಿದು ನೂರಾರು ವರ್ಷ. ಅಲ್ಲೂ ಜಿಂಕೆ ಮಿತಿಮೀರಿ, ತೋಪು ಉಳಿಸಿಕೊಳ್ಳೋಕೆ ಸರ್ಕಾರ ಸಹಾಯಧನ ಕೊಡುತ್ತೆ. ಬೇಲಿಗೂ ಉಂಟು, ಎತ್ತರದ ಅಟ್ಟಣೆಗೂ ಉಂಟು. ನಾವು ಜೋಳ ಕಾಯೋಕೆ ಕಟ್ತೀವಲ್ಲ, ಅಂಥದ್ದೇ, ಆದರೆ ಅದರ ಮೇಲೆ ಕೂತವರು ಕವಣೆ ಬೀಸಲ್ಲ, ಬಂದೂಕು ಹಿಡೀತಾರೆ. ನಮ್ಮಲ್ಲೂ ಹಾಗೇ ಮಾಡಿ ಅನ್ನೋರಿದ್ದಾರೆ. ಕಾಡಿನಿಂದ ಮೂರು ಕಿಲೋಮೀಟರು ಆಚೆ ಬಂದ ಕಾಡುಹಂದಿಯನ್ನು ಅರಣ್ಯ ಇಲಾಖೆಯವರು ಸುಡಬಹುದು ಅಂತ 2025ರಲ್ಲಿ ಆದೇಶವಾಯಿತು. ಜಿಂಕೆಗೆ ಅದು ಬೇಡ ಅನ್ನೋದು ನನ್ನ ಮಾತು. ತಿನ್ನೋರನ್ನು ಮುಗಿಸಿದ್ದು ನಾವು. ಬ್ರಿಟಿಷರ ಕಾಲದಲ್ಲಿ ಹುಲಿ, ಚಿರತೆ, ಸೀಳುನಾಯಿ ಕೊಂದವರಿಗೆ ಸರ್ಕಾರವೇ ಇನಾಮು ಕೊಡ್ತಿತ್ತು. ಸೀಳುನಾಯಿಯ ಇನಾಮು ಪೂರಾ ನಿಂತದ್ದು 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ. ಅವತ್ತು ಜಿಂಕೆ ತಿನ್ನೋರನ್ನು ಕೊಲ್ಲೋಕೆ ಖಜಾನೆ ದುಡ್ಡು, ಇವತ್ತು ಜಿಂಕೆ ತಡೆಯೋಕೆ ಖಜಾನೆ ದುಡ್ಡು.

ನಾನು ಹಾಡೋನು. ಗೋವಿನ ಹಾಡಿನಲ್ಲಿ ಹುಲಿ ಹಾರಿ ಪ್ರಾಣ ಬಿಡೋ ಜಾಗ ಬಂದರೆ ಕೇಳೋರ ಕಣ್ಣು ಒದ್ದೆಯಾಗುತ್ತೆ, ನನ್ನ ಗಂಟಲೂ ಕಟ್ಟುತ್ತೆ. ಪುಣ್ಯಕೋಟಿ ಬದುಕಿದ್ದು ಸಂತೋಷವೇ. ಆದರೆ ಹುಲಿ ಸತ್ತ ಮೇಲೆ ಆ ಬೆಟ್ಟದ ಹುಲ್ಲು, ಸಸಿ ಏನಾಯಿತು ಅಂತ ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳಿಲ್ಲ. ನಮ್ಮ ಮಾದಪ್ಪ ಹುಲಿ ಏರಿ ಬರೋ ದೇವರು. ಹುಲಿ ಇಲ್ಲದ ಬೆಟ್ಟಕ್ಕೆ ಅಪ್ಪ ಯಾವುದರ ಮೇಲೆ ಬರಬೇಕು?

ಹಾಗಾದರೆ ಮಾನಿಯ ಬೇಡವೇ? ಬೇಕು. ಒಂದು ಸರ್ವೆ ನಂಬರಿಗೆ ಕೊಡೋದು ಬಿಟ್ಟು ಒಂದು ಬಯಲಿಗೇ ಕೊಡಲಿ. ಹತ್ತು ಹೊಲ ಸೇರಿದರೆ ಸುತ್ತಳತೆ ಕಮ್ಮಿ, ತಂತಿ ಕಮ್ಮಿ. ಇಲ್ಲದವರ ಪಾಲು ಇರೋರು ಎಕರೆ ಲೆಕ್ಕದಲ್ಲಿ ಹೊರಲಿ, ಬೆಳೆ ಬಂದ ಮೇಲೆ ಲೆಕ್ಕ ಹಾಕೋಣ. ಹಿಂದೆ ಒಂದೇ ಬಾವಿಗೆ ನಾಲ್ಕು ಮನೆಯವರು ಸರದಿ ಮೇಲೆ ಏತ ಹೊಡೆದಿಲ್ಲವೇ? ಹಳ್ಳಕ್ಕೆ ಹೋಗೋ ದಾರಿ ಮಾತ್ರ ಮುಚ್ಚೋದು ಬೇಡ, ಜಿಂಕೆಗೂ ನೀರು ಬೇಕು. ತೋಪಿನಲ್ಲಿ ನೆಟ್ಟ ಸಸಿಗೆ ಮೂರು ವರ್ಷ ಮುಳ್ಳು ಕಟ್ಟೋ ಕೂಲಿಯನ್ನೂ ಅದೇ ಮಾನಿಯದಲ್ಲಿ ಸೇರಿಸಬೇಕು. ತೋಪು ಯಾರ ಪಟ್ಟಾದಲ್ಲೂ ಇಲ್ಲ, ಅದರ ಪರವಾಗಿ ಅರ್ಜಿ ಹಾಕೋರೂ ಇಲ್ಲ.

ಅಕ್ಟೋಬರ್ 2ರ ಗ್ರಾಮಸಭೆಗೆ ಇದನ್ನೇ ಕೇಳೋಕೆ ಹೋಗ್ತೀನಿ. ಅರ್ಜಿ ಬರೆಯೋಕೆ ಒಬ್ಬ ಮೇಷ್ಟ್ರು ಜೊತೆಗೆ ಬಂದರೆ ಉಪಕಾರ, ನನ್ನದು ಏಳನೇ ಕ್ಲಾಸಿನ ಅಕ್ಷರ.